ಎತ್ತರಿಸಿದ ಜೀಪು, ದೊಡ್ಡ ಟಯರು: ಶಬ್ದ ಬಂದರೆ ಎಲ್ಲಿಂದ ಹುಡುಕಬೇಕು

ನನ್ನ ಹಳೆ ಥಾರ್‌ಗೆ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಉಕ್ಕಿನ ಸರಳು) ತಿರುಗಿಸಿ ಎತ್ತರ ಮಾಡಿಸಿದ್ದೆ, ಹಿಂದೆ ಉದ್ದ ಶಾಕಲ್ (ಪಟ್ಟಿ ಸ್ಪ್ರಿಂಗಿನ ತುದಿಯನ್ನು ಚಾಸಿಗೆ, ಅಂದರೆ ಗಾಡಿಯ ಅಡಿ ಚೌಕಟ್ಟಿಗೆ, ಸೇರಿಸುವ ಕೊಂಡಿ) ಹಾಕಿಸಿದ್ದೆ, ಅದರ ಮೇಲೆ 31 ಇಂಚಿನ ಟಯರು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಮುಂದಿನಿಂದ ಟಕ್ ಟಕ್ ಶುರುವಾಯಿತು. ಶಾಕ್ (ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಹೋಗಿದೆ ಅಂತ ಎರಡೂ ಶಾಕ್ ಬದಲಾಯಿಸಿದೆ. ಶಬ್ದ ಹೋಗಲಿಲ್ಲ. ಕೊನೆಗೆ ಸಿಕ್ಕಿದ್ದು ಸವೆದುಹೋದ ಮೇಲ್ಭಾಗದ ಬಾಲ್ ಜಾಯಿಂಟು, ಅಂದರೆ ಚಕ್ರವನ್ನು ಅದರ ತೋಳಿಗೆ (ಆರ್ಮ್) ಸೇರಿಸುವ ಗುಂಡು ಕೀಲು. ತಿರುಗಿಸಿದ್ದು ಒಂದು ಭಾಗ, ಪೆಟ್ಟು ತಿಂದದ್ದು ಅದರ ಪಕ್ಕದ ಭಾಗ. ಎತ್ತರಿಸಿದ ಗಾಡಿಗಳಲ್ಲಿ ಹೆಚ್ಚಾಗಿ ಆಗುವುದೇ ಹೀಗೆ. ಅದಕ್ಕೇ ಶಬ್ದ ಕೇಳಿದ ಕೂಡಲೇ ಪಾರ್ಟ್ ತರಬೇಡಿ, ಮೊದಲು ಕಾಸು ಖರ್ಚಿಲ್ಲದ ಪರೀಕ್ಷೆಗಳನ್ನು ಮಾಡಿ.

ನಮ್ಮ ಕೊಡಗಿನ ಕಡೆ ಎತ್ತರ ಮಾಡಿಸುವುದಕ್ಕೆ ಕಾರಣ ಇದೆ, ಅದನ್ನು ತಪ್ಪು ಅನ್ನುವುದಿಲ್ಲ. ಕಕ್ಕಡ ತಿಂಗಳ (ಜುಲೈ, ಆಗಸ್ಟ್) ಮಳೆಯಲ್ಲಿ ತೋಟದ ಒಳ ರಸ್ತೆ ಹೇಗಿರುತ್ತದೆ ಅಂತ ನಿಮಗೂ ಗೊತ್ತು, ಮಾಂದಲಪಟ್ಟಿ ಬೆಟ್ಟದ ಕಲ್ಲಿನ ದಾರಿಯೂ ಗೊತ್ತು. ಆದರೆ ಅದೇ ಗಾಡಿ ಮರುದಿನ ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೂ ಹೋಗಬೇಕು, ಹತ್ತು ಮೂಟೆ ಗೊಬ್ಬರವನ್ನೂ ಹೊರಬೇಕು. ಇನ್ನು ರಾತ್ರಿ ಆನೆ ಓಡಾಡುವ ದಾರಿಯಲ್ಲಿ ಗಾಡಿ ಕೈಕೊಟ್ಟರೆ ಇಳಿದು ಟಯರ್ ನೋಡುವ ಧೈರ್ಯ ಯಾರಿಗೂ ಬರುವುದಿಲ್ಲ.

ಮೊದಲು ಒಂದು ಲೆಕ್ಕ ನೋಡಿ. ಹೊಸ ಥಾರ್‌ನ 245/75 ಆರ್ 16 ಟಯರ್ ಸುಮಾರು 774 ಎಂ.ಎಂ. ಎತ್ತರ. 285/75 ಆರ್ 16 ಹಾಕಿದರೆ ಸುಮಾರು 834. ವ್ಯತ್ಯಾಸ 60 ಎಂ.ಎಂ., ಆದರೆ ಆಕ್ಸಲ್ ಏರುವುದು ಅದರಲ್ಲಿ ಅರ್ಧ ಮಾತ್ರ, 30 ಎಂ.ಎಂ. ಆ 30 ಎಂ.ಎಂ.ಗೆ ಪ್ರತಿ ಚಕ್ರದ ತೂಕ ಹೆಚ್ಚುತ್ತದೆ, ಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ ಸುಮಾರು 65ರಲ್ಲಿ ಓಡುತ್ತದೆ, ಬ್ರೇಕ್ ಒತ್ತಿದಾಗ ಆರ್ಮ್ ಬುಷ್‌ಗಳ (ಕೀಲಿನೊಳಗಿನ ರಬ್ಬರ್ ಬಿಲ್ಲೆಗಳ) ಮೇಲಿನ ತಿರುಚು ಕೂಡ ಜಾಸ್ತಿ. ಅಗಲವಾದ ರಿಮ್ಮೋ ಸ್ಪೇಸರ್ರೋ (ಹಬ್ಬಿಗೂ ಚಕ್ರಕ್ಕೂ ನಡುವೆ ಇಡುವ ದಪ್ಪ ಬಿಲ್ಲೆ) ಹಾಕಿ ಚಕ್ರ ಹೊರಗೆ ಬಂದರೆ ಹಬ್ ಬೇರಿಂಗ್ ಕಥೆ ಬೇರೆಯೇ. ತುಂಬಿದ ಕೊಡ ಸೊಂಟದ ಮೇಲಿದ್ದರೆ ಗುಡ್ಡ ಹತ್ತಬಹುದು, ಅದೇ ಕೊಡವನ್ನು ಕೈ ಚಾಚಿ ಹಿಡಿದುಕೊಂಡು ಹತ್ತು ಹೆಜ್ಜೆ ನಡೆದು ನೋಡಿ. ಬೇರಿಂಗ್ ದಿನಾ ಮಾಡುವುದು ಅದನ್ನೇ.

ಗಾಡಿ ಕೆಳಗೆ ಕೈ ಹಾಕುವ ಮೊದಲು

ಸಮತಟ್ಟಾದ ಜಾಗ ಬೇಕು, ನಮ್ಮಲ್ಲಿ ಸಿಗದೇ ಇರುವುದೂ ಅದೇ. ಸಿಮೆಂಟ್ ಹಾಕಿದ ಕಾಫಿ ಕಣ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಡಿಸೆಂಬರ್‌ನಿಂದ ಕಣದ ತುಂಬ ಕಾಫಿ ಹರಡಿರುತ್ತದೆ, ಹಾಗಾಗಿ ಮಳೆ ಬಿಟ್ಟ ಮೇಲೆ ಕೊಯ್ಲು ಶುರುವಾಗುವ ಮೊದಲು ಒಂದು ಸಲ ಪೂರ್ತಿ ನೋಡಿಬಿಡಿ.

ಕೆಂಪು ಮಣ್ಣಿನ ಮೇಲೆ ಬರೀ ಜಾಕಿ ಇಡಲೇಬೇಡಿ. ಮಣ್ಣು ಒದ್ದೆ ಇದ್ದರೆ ಜಾಕಿ ಒಂದು ಕಡೆಗೆ ಹೂತು ಗಾಡಿ ಜಾರುತ್ತದೆ. ಕೆಳಗೆ ದಪ್ಪ ಹಲಗೆ ಇಡಿ, ಎದುರಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ, ಎತ್ತಿದ ಮೇಲೆ ಚಾಸಿಗೆ ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಸ್ಟ್ಯಾಂಡ್ ಅಲ್ಲ, ಅವು ಒಮ್ಮೆಲೇ ಪುಡಿಯಾಗುತ್ತವೆ. ಜಾಕಿ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಒಂದು ನಿಮಿಷಕ್ಕೂ ತಲೆ ಹಾಕಬೇಡಿ. ಕಾಯಿಲ್ ಸ್ಪ್ರಿಂಗ್ ಬಿಚ್ಚುವುದು ಮತ್ತು ಟಾರ್ಷನ್ ಬಾರ್ ಬಿಚ್ಚುವುದು ಮನೆ ಕೆಲಸ ಅಲ್ಲ. ಅವುಗಳಲ್ಲಿ ಅದುಮಿಟ್ಟ ಬಲ ಕೈ ಮುರಿಯುವಷ್ಟಿರುತ್ತದೆ.

ಇನ್ನೊಂದು ಮಾತು. ಗಾಡಿ ತೊಳೆಯುವ ಮೊದಲು ನೋಡಿ. ಎಣ್ಣೆ ಸೋರಿದ ಕಡೆ ಮಣ್ಣು ಕಪ್ಪಾಗಿ ಅಂಟಿರುತ್ತದೆ. ಸರ್ವಿಸ್ ಸ್ಟೇಷನ್‌ನಲ್ಲಿ ನೀರು ಹೊಡೆಸಿದರೆ ಆ ಗುರುತೆಲ್ಲ ಹೋಗಿಬಿಡುತ್ತದೆ.

ಗಾಡಿ ಎಗರಿಸುತ್ತದೆ, ಬೆನ್ನು ನೋವು ಬರುತ್ತದೆ

ಮೊದಲು ಗಾಳಿ ನೋಡಿ. ದೊಡ್ಡ ಟಯರ್ ಕಂಡ ಕೂಡಲೇ ಪಂಚರ್ ಅಂಗಡಿಯಲ್ಲಿ ಸುಮ್ನೆ 40 ಹೊಡೆದು ಕಳಿಸುವುದು ಸಾಮಾನ್ಯ. ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿರುವ ಅಂಕಿ ಕಂಪನಿ ಸೈಜಿಗೆ ಮಾತ್ರ, ನಿಮ್ಮ ಹೊಸ ಟಯರಿಗೆ ಅದು ಸರಿಹೋಗಬೇಕೆಂದಿಲ್ಲ. ಸರಿಯಾದ ಗಾಳಿ ಹುಡುಕಲು ಸುಲಭ ದಾರಿ ಇದೆ. ಟಯರಿನ ಅಗಲಕ್ಕೂ ಚಾಕ್‌ನಿಂದ ದಪ್ಪ ಗೆರೆ ಎಳೆಯಿರಿ, ಕಣದ ಮೇಲೆ ಅಥವಾ ಒಣ ಟಾರ್ ರಸ್ತೆಯಲ್ಲಿ ನೇರಕ್ಕೆ ಸ್ವಲ್ಪ ದೂರ ಓಡಿಸಿ. ಗೆರೆ ನಡುವೆ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಎರಡೂ ಅಂಚಿನಲ್ಲಿ ಮಾತ್ರ ಅಳಿಸಿದರೆ ಕಡಿಮೆ. ಟಯರ್ ತಣ್ಣಗಿರುವಾಗ ಎರಡೆರಡು ಪಿಎಸ್‌ಐ ಬದಲಿಸಿ ನೋಡಿ. ಟಯರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಅಂಕಿಯನ್ನು ದಾಟಬೇಡಿ, ಭಾರ ಹೊರುವ ದಿನ ಗಾಳಿ ಕಡಿಮೆ ಮಾಡಬೇಡಿ. ಕೆಸರಿಗೆ ಅಂತ ಗಾಳಿ ಇಳಿಸಿದ್ದರೆ ಟಾರ್ ರಸ್ತೆಗೆ ಏರುವ ಮೊದಲು ಮತ್ತೆ ತುಂಬಿಸಿ.

ಗಾಳಿ ಸರಿ ಇದ್ದೂ ಎಗರಿಸಿದರೆ ಶಾಕ್ ನೋಡಿ. ಚಕ್ರ ಭಾರವಾದಷ್ಟೂ ಅದರ ಕುಣಿತ ತಡೆಯಲು ಶಾಕ್ ಜಾಸ್ತಿ ದುಡಿಯುತ್ತದೆ, ಬಿಸಿಯಾಗುತ್ತದೆ. ನಾಲ್ಕೈದು ಕಿಲೋಮೀಟರ್ ಹೊಂಡದ ದಾರಿಯಲ್ಲಿ ಓಡಿಸಿ ನಿಲ್ಲಿಸಿ, ಶಾಕ್‌ಗಳ ಹತ್ತಿರ ಕೈ ತನ್ನಿ. ಕೂಡಲೇ ಹಿಡಿಯಬೇಡಿ, ಸುಡಬಹುದು. ಒಂದೇ ಆಕ್ಸಲ್‌ನ ಎರಡೂ ಶಾಕ್ ಹೆಚ್ಚು ಕಡಿಮೆ ಒಂದೇ ಬಿಸಿ ಇರಬೇಕು. ಒಂದು ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ಕೆಲಸ ಮಾಡುತ್ತಿಲ್ಲ. ಟಯರ್ ಮೇಲೆ ಅಂಗೈ ಸವರಿದಾಗ ಅಲ್ಲಲ್ಲಿ ತಗ್ಗು ಸಿಕ್ಕಿದರೂ ಅದೇ ಅರ್ಥ, ಚಕ್ರ ನೆಲ ಬಿಟ್ಟು ಕುಣಿಯುತ್ತಿದೆ.

ಉಬ್ಬು ಹತ್ತುವಾಗ ಸುಮ್ಮನಿದ್ದು, ಇಳಿಯುವಾಗ ಧಡ್ ಅನ್ನುತ್ತದೆ

ಇದು ನಾನು ಜಾಸ್ತಿ ಒದ್ದಾಡಿದ ವಿಷಯ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶಬ್ದ ಯಾವಾಗ ಬರುತ್ತದೆ ಅನ್ನುವುದನ್ನು ಮೊದಲು ಗಮನಿಸಿ. ಚಕ್ರ ಮೇಲಕ್ಕೆ ಹೋಗುವಾಗ ಪೆಟ್ಟು ಕೇಳಿದರೆ ಬಂಪ್ ಸ್ಟಾಪ್ (ಚಕ್ರ ಅತಿಯಾಗಿ ಮೇಲೇರದಂತೆ ತಡೆಯುವ ರಬ್ಬರ್) ತಾಗುತ್ತಿದೆ, ಅಂದರೆ ಭಾರ ಜಾಸ್ತಿ ಅಥವಾ ಸ್ಪ್ರಿಂಗ್ ಸೋತಿದೆ. ಚಕ್ರ ಕೆಳಕ್ಕೆ ಇಳಿಯುವಾಗ ಪೆಟ್ಟು ಕೇಳಿದರೆ ಅದು ಎತ್ತರಿಸಿದ ಗಾಡಿಯ ರೋಗ. ಸ್ಪ್ರಿಂಗ್ ಮೇಲೆ ಎತ್ತರಿಸುವ ಸ್ಪೇಸರ್ ಇಟ್ಟರೂ ಟಾರ್ಷನ್ ಬಾರ್ ತಿರುಗಿಸಿದರೂ ಚಕ್ರದ ಒಟ್ಟು ಓಡಾಟ ಒಂದು ಎಂ.ಎಂ. ಕೂಡ ಹೆಚ್ಚುವುದಿಲ್ಲ. ಗಾಡಿ ನಿಂತಿರುವಾಗಲೇ ಚಕ್ರ ಕೆಳಗಿನ ಕೊನೆಯ ಹತ್ತಿರ ಬಂದಿರುತ್ತದೆ, ಅಷ್ಟೇ. ಆಮೇಲೆ ಹೊಂಡಕ್ಕೆ ಇಳಿಯಲು ಅದಕ್ಕೆ ಜಾಗವೇ ಉಳಿದಿರುವುದಿಲ್ಲ. ಶಾಕ್ ಪೂರ್ತಿ ಚಾಚಿ ಒಳಗೆ ಬಡಿಯುತ್ತದೆ, ಇಲ್ಲವೇ ಮೇಲಿನ ಆರ್ಮ್ ತನ್ನ ತಡೆಗೆ ಬಡಿಯುತ್ತದೆ. ಟಾರ್ಷನ್ ಬಾರ್ ಬಿಗಿ ಮಾಡಿದರೆ ಸಸ್ಪೆನ್ಷನ್ ಗಟ್ಟಿಯಾಯಿತು ಅಂತ ತುಂಬಾ ಜನ ನಂಬಿದ್ದಾರೆ. ಬಾರ್ ಗಟ್ಟಿಯಾಗುವುದಿಲ್ಲ, ಆರ್ಮ್ ಕೆಳಕ್ಕೆ ಬಾಗಿ ನಿಲ್ಲುತ್ತದೆ. ಗಡಸು ಅನ್ನಿಸುವುದು ಚಕ್ರಕ್ಕೆ ಇಳಿಯಲು ಜಾಗ ಇಲ್ಲದ್ದರಿಂದ.

ಅಳೆದು ನೋಡಬಹುದು. ಗಾಡಿ ಕಣದ ಮೇಲೆ ನಿಂತಿರುವಾಗ ಹಬ್ಬಿನ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿದು ಬರೆದುಕೊಳ್ಳಿ. ಚಾಸಿಗೆ ಜಾಕಿ ಕೊಟ್ಟು ಚಕ್ರ ನೆಲ ಬಿಡುವವರೆಗೆ ಎತ್ತಿ, ಮತ್ತೆ ಅಳೆಯಿರಿ. ಆ ವ್ಯತ್ಯಾಸವೇ ಚಕ್ರಕ್ಕೆ ಕೆಳಗೆ ಉಳಿದಿರುವ ಓಡಾಟ. ಎರಡು ಬೆರಳಿನಷ್ಟೂ ಇಲ್ಲದಿದ್ದರೆ ಎತ್ತರ ಅತಿಯಾಗಿದೆ. ನನ್ನ ಗಾಡಿಯಲ್ಲಿ ಇದ್ದದ್ದು ಒಂದೇ ಬೆರಳು. ಬಾರ್ ಸ್ವಲ್ಪ ಇಳಿಸಿ, ಮುಂದಿನ ಎತ್ತರ ಒಂದು ಇಂಚು ಕಡಿಮೆ ಮಾಡಿ, ಬಾಲ್ ಜಾಯಿಂಟ್ ಬದಲಿಸಿದ ಮೇಲೆಯೇ ಶಬ್ದ ನಿಂತದ್ದು.

ಚಕ್ರ ನೇತಾಡುತ್ತಿರುವಾಗ ಬ್ರೇಕ್ ಹೋಸ್ ಕೂಡ ನೋಡಿ. ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಹೋಸ್ ಬಿಗಿಯಾಗಿ ಎಳೆದುಕೊಂಡಿದ್ದರೆ, ಮೇಲೆ ಸಣ್ಣ ಬಿರುಕು ಕಂಡರೆ, ಟಯರಿಗೆ ಉಜ್ಜಿದ ಗುರುತಿದ್ದರೆ ಗಾಡಿ ಅಲ್ಲಿಗೇ ನಿಲ್ಲಿಸಿ. ಉದ್ದದ ಹೋಸ್ ಹಾಕಿಸುವವರೆಗೆ ಓಡಿಸಬೇಡಿ. ಎಬಿಎಸ್ ವೈರಿಗೂ ಇದೇ ಮಾತು.

ಸ್ಟೇರಿಂಗ್ ಅಲೆದಾಡುತ್ತದೆ, ತಿರುವು ಮುಗಿದರೂ ತಾನಾಗಿ ನೇರಕ್ಕೆ ಬರುವುದಿಲ್ಲ

ಮೊದಲು ನಾಲ್ಕೂ ಟಯರಿನ ಗಾಳಿ ಸಮ ಇದೆಯಾ ನೋಡಿ. ಆಮೇಲೆ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಯಾವಾಗ ಮಾಡಿಸಿದ್ದು ಅಂತ ನೆನಪು ಮಾಡಿಕೊಳ್ಳಿ. ಎತ್ತರ ಬದಲಾಯಿಸಿದ ಪ್ರತಿ ಸಲವೂ ಮಾಡಿಸಲೇಬೇಕು, ಅರ್ಧ ಇಂಚಾದರೂ ಸರಿ. ಟಯರಿನ ಒಳ ಅಂಚೋ ಹೊರ ಅಂಚೋ ಮಾತ್ರ ಸವೆಯುತ್ತಿದ್ದರೆ, ಅಥವಾ ಅಂಗೈ ಒಳಗಿಂದ ಹೊರಕ್ಕೆ ಸವರಿದಾಗ ನುಣುಪಾಗಿದ್ದು ಹೊರಗಿಂದ ಒಳಕ್ಕೆ ಸವರಿದಾಗ ಗರಗಸದ ಹಾಗೆ ತಡೆದರೆ, ಅಲೈನ್‌ಮೆಂಟ್ ಹೋಗಿದೆ.

ಜಿಮ್ನಿ, ಜಿಪ್ಸಿ ಥರ ಮುಂದೆ ಗಟ್ಟಿ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಅಡ್ಡ ತೊಲೆ) ಇರುವ ಗಾಡಿಗಳಲ್ಲಿ ಕಾಸ್ಟರ್ ಅನ್ನುವ ಕೋನ ಮುಖ್ಯ. ಸೈಕಲ್ ಮುಂದಿನ ಫೋರ್ಕ್ ಸ್ವಲ್ಪ ಮುಂದಕ್ಕೆ ವಾಲಿರುತ್ತದಲ್ವಾ, ಕೈ ಬಿಟ್ಟರೂ ಸೈಕಲ್ ನೇರ ಹೋಗಲು ಅದೂ ಒಂದು ಕಾರಣ. ಜಿಮ್ನಿಯಲ್ಲಿ ಎತ್ತರ ಮಾಡಿದಾಗ ಆಕ್ಸಲ್ ಸ್ವಲ್ಪ ತಿರುಗಿ ಆ ಕೋನ ಕಡಿಮೆಯಾಗುತ್ತದೆ. ಜೊತೆಗೆ ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಗೆ ಹಿಡಿದಿಡುವ ಸರಳು) ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಎರಡೂ ಕಡೆ ಮಡ್‌ಗಾರ್ಡ್‌ನಿಂದ ಟಯರ್ ಎಷ್ಟು ಹೊರಗಿದೆ ಅಂತ ಅಳೆದರೆ ಇದು ಗೊತ್ತಾಗುತ್ತದೆ. ಜಿಪ್ಸಿಯಲ್ಲಿ ಇರುವುದು ಲೀಫ್ (ಪಟ್ಟಿ) ಸ್ಪ್ರಿಂಗ್, ಪ್ಯಾನ್‌ಹಾರ್ಡ್ ಇಲ್ಲ, ಆದರೆ ಮುಂದೆ ಉದ್ದ ಶಾಕಲ್ ಹಾಕಿದರೆ ಕಾಸ್ಟರ್ ಬದಲಾಗುತ್ತದೆ. ಇವುಗಳನ್ನು ಸರಿ ಮಾಡಲು ಬುಷ್, ಬ್ರಾಕೆಟ್, ಅಡ್ಜಸ್ಟ್ ಆಗುವ ರಾಡ್ ಸಿಗುತ್ತವೆ. ಅಳತೆ ತೆಗೆದು ಹಾಕಿಸಿ, ಅಂದಾಜಿಗೆ ಬೇಡ.

ಹೊಂಡಕ್ಕೆ ಬಿದ್ದ ಕೂಡಲೇ ಸ್ಟೇರಿಂಗ್ ಎರಡೂ ಕಡೆ ಜೋರಾಗಿ ಬಡಿದುಕೊಳ್ಳುತ್ತದೆ

60, 70ರಲ್ಲಿ ಹೋಗುವಾಗ ಒಂದು ಹೊಂಡ, ಆಮೇಲೆ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವ ಹಾಗೆ ನಡುಗುತ್ತದೆ, ವೇಗ ಇಳಿಸುವವರೆಗೆ ನಿಲ್ಲುವುದಿಲ್ಲ. ಗಟ್ಟಿ ಆಕ್ಸಲ್ ಗಾಡಿಗಳಲ್ಲಿ ಇದು ಬರುತ್ತದೆ. ಮೊದಲ ಸಲ ಆದಾಗ ಜೀವ ಬಾಯಿಗೆ ಬರುತ್ತದೆ. ಬ್ರೇಕ್ ಜೋರಾಗಿ ಒತ್ತಬೇಡಿ, ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು ಆಕ್ಸಿಲರೇಟರ್ ಬಿಡಿ, ನಿಧಾನವಾಗಿ ಬದಿಗೆ ತನ್ನಿ. ಅದೇ ದಿನ ಮತ್ತೆ ಆ ವೇಗಕ್ಕೆ ಹೋಗಬೇಡಿ.

ಹುಡುಕುವ ಸಾಲು ಹೀಗೆ. ರಿಮ್ಮಿನ ಒಳಗೆ ಒಣಗಿದ ಕೆಸರು ಇದ್ದರೆ ಕೆರೆದು ತೆಗೆಯಿರಿ, ಅರ್ಧ ಕೇಸು ಅಲ್ಲೇ ಮುಗಿಯುತ್ತದೆ. ಆಮೇಲೆ ಬ್ಯಾಲೆನ್ಸಿಂಗ್. ಆಮೇಲೆ ಇಬ್ಬರು ಬೇಕು: ಎಂಜಿನ್ ಆಫ್, ಚಕ್ರಗಳು ನೆಲದ ಮೇಲೆ, ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪ ಅತ್ತಿತ್ತ ತಿರುಗಿಸಲಿ, ಇನ್ನೊಬ್ಬರು ಬದಿಯಿಂದ ಸ್ಟೇರಿಂಗನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್, ಪ್ಯಾನ್‌ಹಾರ್ಡ್ ಬುಷ್ ಇರುವ ಕಡೆ ಕೈ ಇಟ್ಟು ನೋಡಲಿ. ಎಲ್ಲಿ ಒಂದು ತುದಿ ಅಲುಗಿ ಇನ್ನೊಂದು ತಡವಾಗಿ ಅಲುಗುತ್ತದೋ ಅಲ್ಲಿ ಸವೆತ. ಇಲ್ಲಿ ತುಂಬಾ ಜನ ದಪ್ಪದ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿನ ನಡುಕ ಹೀರುವ ಶಾಕ್) ಹಾಕಿಸಿ ನಡುಕ ನಿಂತಿತು ಅನ್ನುತ್ತಾರೆ. ನಿಂತಿರುವುದಿಲ್ಲ, ಮುಚ್ಚಿಕೊಂಡಿರುತ್ತದೆ. ಸವೆದ ಭಾಗ ಇನ್ನೂ ಸವೆಯುತ್ತಲೇ ಇರುತ್ತದೆ.

ಚಕ್ರ ಅಲುಗುತ್ತದೆ, ಅಥವಾ ವೇಗದ ಜೊತೆ ಗುಂಯ್ ಶಬ್ದ ಏರುತ್ತದೆ

ಒರಟು ಟಯರಿಗೆ ತನ್ನದೇ ಶಬ್ದ ಇದೆ, ಅದಕ್ಕೆ ಹೆದರಬೇಡಿ. ಆದರೆ ಬಲ ತಿರುವಿನಲ್ಲಿ ಜಾಸ್ತಿಯಾಗಿ ಎಡ ತಿರುವಿನಲ್ಲಿ ಕಡಿಮೆಯಾದರೆ ಅದು ಟಯರ್ ಅಲ್ಲ, ಬೇರಿಂಗ್. ಬಲಕ್ಕೆ ತಿರುಗುವಾಗ ಭಾರ ಎಡ ಚಕ್ರಕ್ಕೆ ಬೀಳುತ್ತದೆ, ಹಾಗಾಗಿ ಮೊದಲು ಎಡಗಡೆ ನೋಡಿ.

ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲುಗಿಸಿ. ಅಲುಗಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿಕೊಂಡಿರಲು ಹೇಳಿ ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಅಥವಾ, ಗಟ್ಟಿ ಆಕ್ಸಲ್‌ನಲ್ಲಿ ಅದೇ ಕೆಲಸ ಮಾಡುವ ಕಿಂಗ್ ಪಿನ್. ಎಡಬಲ ಹಿಡಿದು ಅಲುಗಿಸಿದಾಗ ಮಾತ್ರ ಆಡಿದರೆ ಟೈ ರಾಡ್ ಕಡೆ ಹೋಗಿ. ಬಾಲ್ ಜಾಯಿಂಟ್ ಕಣ್ಣಿಗೆ ಕಾಣುವಷ್ಟು ಅಲುಗಿದರೆ ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್‌ನನ್ನೇ ಕರೆಸಿ. ಅದು ಕಳಚಿದರೆ ಚಕ್ರ ಮಡಚಿ ಬೀಳುತ್ತದೆ.

ಚಕ್ರಕ್ಕೆ ಸ್ಪೇಸರ್ ಹಾಕಿದ್ದರೆ ನಟ್ಟುಗಳನ್ನು ಮೊದಲ 50, 100 ಕಿಲೋಮೀಟರ್ ಆದ ಮೇಲೆ ಟಾರ್ಕ್ ರೆಂಚ್‌ನಲ್ಲಿ ಮತ್ತೆ ಬಿಗಿ ಮಾಡಿ. ಸ್ಪೇಸರ್ ಒಳಗಿನ ನಟ್ಟನ್ನು ಚಕ್ರ ಬಿಚ್ಚಿಯೇ ನೋಡಬೇಕು, ಎಲ್ಲರೂ ಮರೆಯುವುದು ಅದನ್ನೇ.

ಪೂರ್ತಿ ತಿರುಗಿಸಿದಾಗ ಕಟಕಟ, ಅಥವಾ ಉಜ್ಜುವ ಶಬ್ದ

ಉಜ್ಜುವುದಾದರೆ ಗುರುತು ಸಿಗುತ್ತದೆ. ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ನೋಡಿ, ಆರ್ಮ್ ಮೇಲೆ ಹೊಳೆಯುವ ಜಾಗ ಇದೆಯಾ ನೋಡಿ. ನಿಂತಲ್ಲಿ ತಾಗದೇ ಇದ್ದದ್ದು ಒಂದು ಚಕ್ರ ಕಲ್ಲು ಹತ್ತಿದಾಗ ತಾಗುತ್ತದೆ. ಹಾಗಾಗಿ ಒಂದು ಮುಂದಿನ ಚಕ್ರವನ್ನು ದಿಬ್ಬಕ್ಕೆ ಹತ್ತಿಸಿ ತಿರುಗಿಸಿ ನೋಡಬೇಕು.

ಕಟಕಟ ಅಂದರೆ ಸಿವಿ ಜಾಯಿಂಟ್, ಮುಂದಿನ ಚಕ್ರ ತಿರುಗಿಸುವ ಶಾಫ್ಟಿನ ಕೀಲು. ಆರ್ಮ್ ಕೆಳಕ್ಕೆ ಬಾಗಿದಷ್ಟೂ ಆ ಜಾಯಿಂಟಿನ ಕೋನ ಜಾಸ್ತಿ, ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ರಿಮ್ಮಿನ ಒಳಗೆ ಗ್ರೀಸ್ ಚಿಮ್ಮಿದ್ದರೆ ಬೂಟ್ ಹರಿದಿದೆ. ಆಗಲೇ ಬೂಟ್ ಬದಲಿಸಿ ಗ್ರೀಸ್ ತುಂಬಿಸಿದರೆ ಸಣ್ಣ ಖರ್ಚು. ಒಂದು ಮಳೆಗಾಲ ಕೆಸರು ಒಳಗೆ ಹೋದರೆ ಪೂರ್ತಿ ಶಾಫ್ಟ್.

ಸೀಟಿನ ಕೆಳಗಿಂದ ನಡುಕ

ಸ್ಟೇರಿಂಗ್ ಸುಮ್ಮನಿದ್ದು ನೆಲ ಮತ್ತು ಸೀಟು ನಡುಗಿದರೆ ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ಹೋಗುವ ಉದ್ದ ಶಾಫ್ಟ್) ಕಡೆ ನೋಡಿ. ಎತ್ತರ ಮಾಡಿದಾಗ ಶಾಫ್ಟ್ ಕಡಿದಾಗಿ ಇಳಿಯುತ್ತದೆ, ಎರಡೂ ತುದಿಯ ಕ್ರಾಸ್‌ಗಳ (ಕೀಲುಗಳ) ಕೋನ ಹೊಂದದೇ ಹೋದರೆ ನಡುಕ. ಕುಶಾಲನಗರದ ಕಡೆ ಸಮತಟ್ಟು ರಸ್ತೆಯಲ್ಲಿ, ಹಿಂದೆ ಮುಂದೆ ಗಾಡಿ ಇಲ್ಲದಾಗ, ನಡುಕ ಬರುವ ವೇಗದಲ್ಲಿ ಆಕ್ಸಿಲರೇಟರ್ ಬಿಡಿ. ಗೇರ್‌ನಲ್ಲೇ ಇರಲಿ. ಎಳೆಯುವಾಗ ಇದ್ದ ನಡುಕ ಬಿಟ್ಟಾಗ ಬದಲಾದರೆ ಶಾಫ್ಟ್ ಕೋನ ಅಥವಾ ಕ್ರಾಸ್, ಬದಲಾಗದಿದ್ದರೆ ಟಯರ್ ಬ್ಯಾಲೆನ್ಸ್. ಘಾಟಿಯಲ್ಲಿ ಈ ಪರೀಕ್ಷೆ ಬೇಡವೇ ಬೇಡ. ಕ್ರಾಸ್ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಅದರೊಳಗೆ ಗ್ರೀಸ್ ಉಳಿದಿಲ್ಲ.

ಗಾಡಿ ಒಂದು ಕಡೆಗೆ ವಾಲಿದೆ

ಕಣದ ಮೇಲೆ ಖಾಲಿ ಗಾಡಿ ನಿಲ್ಲಿಸಿ ನಾಲ್ಕೂ ಮೂಲೆ ಅಳೆಯಿರಿ. ಲೀಫ್ ಸ್ಪ್ರಿಂಗ್ ಇದ್ದರೆ ಪ್ಲೇಟ್ ಮುರಿದಿದೆಯಾ ನೋಡಿ, ಹೊಸ ಬಿರುಕು ತುಕ್ಕು ಹಿಡಿಯದೆ ಹೊಳೆಯುತ್ತದೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಕಡೆ ಅಳೆಯಿರಿ. ಒಂದು ಕಡೆ ಕಡಿಮೆ ಬಂದರೆ ಪ್ಲೇಟುಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಸರಿದಿರಬಹುದು. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಸಡಿಲ ಬಿಟ್ಟರೆ ಆಗುವುದೇ ಇದು. ಹೊಸ ಪ್ಲೇಟ್ ಅಥವಾ ಎತ್ತರಕ್ಕೆ ಇಡುವ ಬ್ಲಾಕ್ ಹಾಕಿದ 500 ಕಿಲೋಮೀಟರ್ ಒಳಗೆ ಯು ಬೋಲ್ಟ್ ಮತ್ತೆ ಬಿಗಿ ಮಾಡಿಸಬೇಕು. ಮುಂದಿನ ಆಕ್ಸಲ್‌ಗೆ ಬ್ಲಾಕ್ ಇಡಬೇಡಿ, ಬ್ರೇಕ್ ಒತ್ತಿದಾಗ ಆಕ್ಸಲ್ ತಿರುಚಿಕೊಳ್ಳುತ್ತದೆ.

ಶಾಕಲ್ ಹ್ಯಾಂಗರ್, ಶಾಕ್ ಕೂರುವ ಜಾಗ, ಸ್ಟೇರಿಂಗ್ ಬಾಕ್ಸ್ ಚಾಸಿಗೆ ಕೂರುವ ಜಾಗ, ಈ ಮೂರನ್ನೂ ಟಾರ್ಚ್ ಹಾಕಿ ನೋಡಿ. ಬಣ್ಣದ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ ಇದ್ದರೂ ಅದು ಚಾಸಿ ಬಿರುಕು ಇರಬಹುದು. ದಾರಿ ಬದಿ ವೆಲ್ಡಿಂಗ್‌ನಲ್ಲಿ ಮುಗಿಸಬೇಡಿ, ಚಾಸಿ ಕೆಲಸ ಗೊತ್ತಿರುವವರಿಗೇ ತೋರಿಸಿ.

ಇಳಿಜಾರಿನಲ್ಲಿ ಬ್ರೇಕ್ ಸಾಲುವುದಿಲ್ಲ

ಮಡಿಕೇರಿ 1,100 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಅಲ್ಲಿಂದ ಸಂಪಾಜೆಗೆ, ಇಲ್ಲವೇ ವಿರಾಜಪೇಟೆಯಿಂದ ಮಾಕುಟ್ಟದ ಕಡೆಗೆ ಇಳಿಯುವಾಗ ದೊಡ್ಡ ಟಯರಿನ ಭಾರ ಗೊತ್ತಾಗುತ್ತದೆ. ಚಕ್ರ ದೊಡ್ಡದಾಗಿದೆ, ಬ್ರೇಕ್ ಡಿಸ್ಕ್ ಅಷ್ಟೇ ಇದೆ. ಎಂಜಿನ್ ಬ್ರೇಕಿಂಗ್ ಕೂಡ ಸ್ವಲ್ಪ ಕಡಿಮೆ, ಹಾಗಾಗಿ ಮೊದಲಿಗಿಂತ ಒಂದು ಗೇರ್ ಕೆಳಗೆ ಹಾಕಿ ಇಳಿಯಿರಿ. ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ, ಅಗಲ ಇರುವ ಕಡೆ ನಿಲ್ಲಿಸಿ ತಣಿಯಲು ಬಿಡಿ. ಬಿಸಿ ಡಿಸ್ಕಿಗೆ ನೀರು ಹಾಕಬೇಡಿ.

ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಒಂದು ಸಣ್ಣ ಲಿವರ್ ಇರುತ್ತದೆ, ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕ್ ಹೆಚ್ಚು ಕಡಿಮೆ ಮಾಡುವ ವಾಲ್ವ್ ಅದು. ಗಾಡಿ ಎತ್ತರಿಸಿದರೆ ಆ ಲಿವರ್ ಕೆಳಗೆ ಇಳಿದು, ಗಾಡಿ ಯಾವಾಗಲೂ ಖಾಲಿ ಇದೆ ಅನ್ನುವ ಲೆಕ್ಕದಲ್ಲಿ ಹಿಂದಿನ ಬ್ರೇಕ್ ಕಡಿಮೆ ಕೊಡುತ್ತದೆ. ಮೂಟೆ ತುಂಬಿದ ದಿನ ಇದು ಅಪಾಯ. ಲಿಫ್ಟ್ ಮಾಡಿದವರಿಗೆ ಅದನ್ನು ಹೊಂದಿಸಿದ್ದೀರಾ ಅಂತ ಕೇಳಿ. ಹೆಡ್‌ಲೈಟ್ ಕೂಡ ಇಳಿಸಿ ಹೊಂದಿಸಿ, ಮಂಜಿನಲ್ಲಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಗ್ಯಾರೇಜಿಗೆ ಹೋಗುವಾಗ

ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ: ಎಷ್ಟು ಇಂಚು ಎತ್ತರ, ಯಾವ ರೀತಿಯಲ್ಲಿ, ಟಯರ್ ಸೈಜು, ಸ್ಪೇಸರ್ ಇದೆಯೋ ಇಲ್ಲವೋ, ನಾಲ್ಕು ಮೂಲೆಯ ಅಳತೆ, ಶಬ್ದ ಯಾವಾಗ ಬರುತ್ತದೆ. "ಅಣ್ಣಾ, ಮುಂದೆ ಸೌಂಡ್ ಬರ್ತಿದೆ ನೋಡಿ" ಅಂದರೆ ಅವರೂ ಶಾಕ್‌ನಿಂದಲೇ ಶುರು ಮಾಡುತ್ತಾರೆ. "ಉಬ್ಬು ಇಳಿಯುವಾಗ ಮಾತ್ರ, ಎಡಗಡೆ, ಕೆಳಗೆ ಒಂದು ಬೆರಳು ಓಡಾಟ ಉಳಿದಿದೆ" ಅಂದರೆ ಸೀದಾ ಜಾಗಕ್ಕೆ ಹೋಗುತ್ತಾರೆ. ಸವೆದ ಭಾಗ ಬದಲಿಸಿದ ಮೇಲೆ ಕೋನವನ್ನೂ ಸರಿಮಾಡಲು ಹೇಳಿ, ಇಲ್ಲವಾದರೆ ಹೊಸ ಬಾಲ್ ಜಾಯಿಂಟ್ ಕೂಡ ಮುಂದಿನ ಮಳೆಗಾಲಕ್ಕೆ ಅದೇ ಗತಿ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಅಪಘಾತವಾದರೆ ಇನ್ಶೂರೆನ್ಸ್‌ನವರು ಇದನ್ನು ಎತ್ತುತ್ತಾರೆ, ಮೊದಲೇ ಕೇಳಿಕೊಳ್ಳಿ. ಬಿಚ್ಚಿದ ಕಂಪನಿ ಸ್ಪ್ರಿಂಗ್, ಶಾಕಲ್, ಟಯರ್ ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ ಗೋಡೌನ್ ಮೂಲೆಯಲ್ಲಿ ಇಡಿ. ನಾನು ಹಿಂದಿನ ಉದ್ದ ಶಾಕಲ್ ತೆಗೆದು ಹಳೆಯದನ್ನೇ ಮತ್ತೆ ಹಾಕಿದಾಗ ಅವು ಅಲ್ಲೇ ಸಿಕ್ಕಿದವು.